ಮಾಚು ಪಿಚ್ಚು: ಗೋಡೆಯ ಬುಡದ ತೂತು

ಪೆರುವಿನಿಂದ ಬಂದ ಮೇಲೆ ಊರಿಗೆ ಹೋಗಿದ್ದೆ. ಸಂಜೆ ಜಗಲಿಯಲ್ಲಿ ಕೂತು ಅಪ್ಪಯ್ಯನಿಗೆ ಫೋನಿನಲ್ಲಿದ್ದ ಫೋಟೊಗಳನ್ನು ತೋರಿಸುತ್ತಿದ್ದೆ. ಹಿಂದೆ ಕಡಿದಾದ ಹಸಿರು ಶಿಖರ, ಮುಂದೆ ಕಲ್ಲಿನ ಊರು, ನಡುವೆ ಮಂಜು, ಎಲ್ಲರೂ ಎಲ್ಲೋ ಒಂದು ಕಡೆ ನೋಡಿರುವ ಆ ಮಾಚು ಪಿಚ್ಚು ಫೋಟೊ ಬಂದಾಗ "ಚಂದ ಉಂಟು" ಅಂದು ಮುಂದೆ ಸರಿಸಿದರು. ಆಮೇಲೆ ಒಂದು ಫೋಟೊ ಬಂತು. ಮಳೆಯಲ್ಲಿ ನೆನೆಯುತ್ತಿರುವ ಒಂದು ಕಲ್ಲಿನ ಗೋಡೆ, ಅದರ ಬುಡದಲ್ಲಿ ಅಂಗೈ ಅಗಲದ ಒಂದು ತೂತು, ತೂತಿನಿಂದ ಸಣ್ಣಗೆ ಇಳಿಯುತ್ತಿರುವ ನೀರು. ಅಷ್ಟೇ. ಅಪ್ಪಯ್ಯ ಅಲ್ಲಿ ನಿಂತರು. ಎರಡು ಬೆರಳಲ್ಲಿ ಫೋಟೊ ದೊಡ್ಡದು ಮಾಡಿದರು, ಕನ್ನಡಕ ಸರಿ ಮಾಡಿಕೊಂಡರು, "ಇದ್ರ ಹಿಂದೆ ಎಂತ ತುಂಬಿದಾರೆ?" ಅಂತ ಕೇಳಿದರು.

ಆ ಪ್ರಶ್ನೆ ಕೇಳುವುದಕ್ಕೆ ಅವರಿಗೆ ಕಾರಣ ಇತ್ತು. ನಮ್ಮ ಮನೆ ಹಿಂದೆ ಎತ್ತರದ ದರೆ ಇದೆ. ಅದು ಜಾರಬಾರದು ಅಂತ 2018ರ ಬೇಸಿಗೆಯಲ್ಲಿ ಕಾಂಕ್ರೀಟಿನ ಗೋಡೆ ಕಟ್ಟಿಸಿದ್ದೆವು. ನೋಡುವುದಕ್ಕೆ ಗಟ್ಟಿಮುಟ್ಟಾಗಿತ್ತು. ಮರುವರ್ಷ ಆಗಸ್ಟಿನ ಮಳೆಗೆ, ಒಂದು ರಾತ್ರಿ, ಇಡೀ ಗೋಡೆ ಮುಂದಕ್ಕೆ ಮಲಗಿತು. ಬೆಳಿಗ್ಗೆ ನೋಡಲು ಬಂದ ಹಳೇ ಮೇಸ್ತ್ರಿಯೊಬ್ಬರು ಬಿದ್ದ ಗೋಡೆಯನ್ನು ಒಂದು ಸುತ್ತು ಹಾಕಿ, "ಮಣ್ಣು ಎಂತ ಮಾಡ್ತದೆ ಮಾರಾಯ್ರೆ, ಗೋಡೆ ದೂಡಿದ್ದು ನೀರು" ಅಂದರು. ಗೋಡೆಯಲ್ಲಿ ನೀರು ಹೊರಗೆ ಹೋಗಲು ಒಂದೇ ಒಂದು ತೂತೂ ಇರಲಿಲ್ಲ. ಹಿಂದೆ ಜಲ್ಲಿ ತುಂಬಿರಲಿಲ್ಲ. ಅಗೆದ ಮಣ್ಣನ್ನೇ ವಾಪಸ್ ತಳ್ಳಿದ್ದರು. ಅದು ನೀರು ಕುಡಿದು ಉಬ್ಬಿ ಗೋಡೆಯನ್ನೇ ನೂಕಿಬಿಟ್ಟಿತ್ತು.

ಆ ಗೋಡೆಯ ನೆನಪು ತಲೆಯಲ್ಲಿ ಇಟ್ಟುಕೊಂಡೇ ನಾನು ಮಾಚು ಪಿಚ್ಚುವಿಗೆ ಹೋದದ್ದು. ಅದಕ್ಕೇ ಅಲ್ಲಿ ನನಗೆ ಎಲ್ಲಕ್ಕಿಂತ ಮೊದಲು ಕಂಡದ್ದು ತೂತುಗಳು.

ಹೋಗಿದ್ದು ಜನವರಿಯಲ್ಲಿ. ಅಲ್ಲಿ ಅದು ಮಳೆಗಾಲ. ಜಾಸ್ತಿ ಜನ ಜೂನ್, ಜುಲೈನ ಒಣ ತಿಂಗಳಲ್ಲಿ ಹೋಗುತ್ತಾರೆ, ನೀಲಿ ಆಕಾಶ ಸಿಗುತ್ತದೆ ಅಂತ. ನನಗೆ ರಜೆ ಸಿಕ್ಕಿದ್ದು ಆವಾಗ, ಹಾಗಾಗಿ ಮಳೆ ಸಿಕ್ಕಿತು. ಈಗ ಯೋಚಿಸಿದರೆ ಆ ಊರನ್ನು ನೋಡಬೇಕಾದದ್ದೇ ಮಳೆಯಲ್ಲಿ ಅನ್ನಿಸುತ್ತದೆ.

ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಮಾಚು ಪಿಚ್ಚು ಕಟ್ಟಿದವರು ಸ್ಪೇನಿನವರು ಬರುವ ಮೊದಲು ಪೆರುವನ್ನು ಆಳುತ್ತಿದ್ದ ಇಂಕಾದವರು. ಅವರ ಸಾಮ್ರಾಜ್ಯದ ರಾಜಧಾನಿ ಕುಸ್ಕೊ ಇರುವುದು ಸಮುದ್ರ ಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ. ಅಲ್ಲಿ ಇಳಿದ ದಿನ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ಕೋಕಾ ಎಲೆಯ ಚಹಾ ಕುಡಿದು ಮಲಗುವುದೇ ಕೆಲಸ. ಮಾಚು ಪಿಚ್ಚು ಅಲ್ಲಿಂದ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರ್, ಎತ್ತರ 2,430 ಮೀಟರ್. ಅಂದರೆ "ಬೆಟ್ಟದ ಮೇಲಿನ ಕೋಟೆ"ಗೆ ಹೋಗಲು ನೀವು ರಾಜಧಾನಿಯಿಂದ ಹೆಚ್ಚೂಕಡಿಮೆ ಒಂದು ಕಿಲೋಮೀಟರ್ ಕೆಳಗೆ ಇಳಿಯಬೇಕು! ಓಲಂತಾಯ್ತಾಂಬೊ ಅನ್ನುವ ಊರಿನಿಂದ ರೈಲು ಉರುಬಾಂಬಾ ನದಿಯ ಪಕ್ಕದಲ್ಲೇ ಇಳಿಯುತ್ತಾ ಹೋಗುತ್ತದೆ. ಮೊದಲು ಒಣ ಬೆಟ್ಟ, ಕುರುಚಲು ಹುಲ್ಲು. ಒಂದು ಗಂಟೆ ಕಳೆಯುವಷ್ಟರಲ್ಲಿ ಕಿಟಕಿಯ ಹೊರಗೆ ಪಾಚಿ ಹತ್ತಿದ ಮರ, ಬಿದಿರು, ಜರಿಗಿಡ, ಬಂಡೆಯಿಂದ ತೊಟ್ಟಿಕ್ಕುವ ನೀರು. ಆಂಡೀಸ್ ಪರ್ವತ ಅಮೆಜಾನ್ ಕಾಡಿಗೆ ಇಳಿಯುವ ಅಂಚು ಅದು, ಮಂಜು ಕಾಡಿನಿಂದ ಮೇಲಕ್ಕೆ ಏರಿ ಬರುತ್ತದೆ. ಘಟ್ಟದ ಮಳೆಯಲ್ಲಿ ಬೆಳೆದ ನನಗೆ ಆ ವಾಸನೆ ಗೊತ್ತಿತ್ತು.

ವರ್ಷಕ್ಕೆ ಅಲ್ಲಿ ಸುಮಾರು 2,000 ಮಿಲಿಮೀಟರ್ ಮಳೆ. ಆಗುಂಬೆಯವರಿಗೆ ಅದೇನು ಮಹಾ ಅನ್ನಿಸಬಹುದು. ಆದರೆ ಆ ಮಳೆ ಬೀಳುವುದು ಎರಡು ಶಿಖರಗಳ ಮಧ್ಯದ ಒಂದು ತಗ್ಗಿನ ಮೇಲೆ, ಕುದುರೆಯ ಬೆನ್ನಿನ ತರಹದ ಜಾಗ. ಒಂದು ಕಡೆ ಮಾಚು ಪಿಚ್ಚು ಬೆಟ್ಟ, ಇನ್ನೊಂದು ಕಡೆ ಫೋಟೊಗಳಲ್ಲಿ ಕಾಣುವ ಹುವಾಯ್ನಾ ಪಿಚ್ಚು. ಎರಡೂ ಬದಿ ಸುಮಾರು 450 ಮೀಟರ್ ಪ್ರಪಾತ, ಕೆಳಗೆ ನದಿ ಮೂರು ಕಡೆ ಬಳಸಿಕೊಂಡು ಹರಿಯುತ್ತದೆ. ಸಾಲದ್ದಕ್ಕೆ ನೆಲದಡಿ ಬಂಡೆಯೇ ಸೀಳಿದೆ. ಬ್ರೆಜಿಲ್‌ನ ಭೂವಿಜ್ಞಾನಿ ರುಆಲ್ಡೊ ಮೆನೆಗಾಟ್ 2019ರಲ್ಲಿ ಹೇಳಿದ ಪ್ರಕಾರ ಈ ಊರು ಕೂತಿರುವುದು ಬಂಡೆಯ ಬಿರುಕುಗಳು ಒಂದನ್ನೊಂದು ಅಡ್ಡ ಹಾಯುವ ಜಾಗದ ಮೇಲೆ. ಜಡಿಮಳೆ, ಕಡಿದಾದ ಇಳಿಜಾರು, ಬಿರುಕು ಬಿಟ್ಟ ಬಂಡೆ, ಮೇಲೆ ಭೂಕಂಪದ ಸೀಮೆ. ನಮ್ಮ ಊರಿನಲ್ಲಿ ಇಂಥ ಜಾಗದಲ್ಲಿ ಒಂದು ದನದ ಕೊಟ್ಟಿಗೆ ಕಟ್ಟಲೂ ಹಿಂದೆ ಮುಂದೆ ನೋಡುತ್ತೇವೆ, ಅಲ್ವಾ?

ಅಲ್ಲಿ ಸುಮಾರು 200 ಕಟ್ಟಡ, ನೂರಾರು ಮೆಟ್ಟಿಲು ಪಟ್ಟಿಗಳು (ಇಳಿಜಾರಿನಲ್ಲಿ ಮೆಟ್ಟಿಲಿನ ಹಾಗೆ ಗೋಡೆ ಕಟ್ಟಿ ಮಣ್ಣು ತುಂಬಿದ ಗದ್ದೆಗಳು), ದೇವಸ್ಥಾನಗಳು, ಕಾರಂಜಿಗಳು. ಕಟ್ಟಿ ಆರು ಶತಮಾನ ಆಗುತ್ತಾ ಬಂತು, ಅದರಲ್ಲಿ ನಾಲ್ಕು ಶತಮಾನ ನೋಡಿಕೊಳ್ಳುವವರೇ ಇರಲಿಲ್ಲ. ಆದರೂ ಊರು ಜಾರಿ ಹೋಗಿಲ್ಲ.

ಯಾಕೆ ಅನ್ನುವುದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಇಬ್ಬರು. ಕೆನೆತ್ ರೈಟ್ ಅನ್ನುವ ಅಮೆರಿಕದ ಜಲ ಎಂಜಿನಿಯರ್, ಮತ್ತು ಆಲ್ಫ್ರೆಡೊ ವಲೆನ್ಸಿಯಾ ಅನ್ನುವ ಪೆರುವಿನ ಪುರಾತತ್ವಜ್ಞ. ಇವರು 1990ರ ದಶಕದಲ್ಲಿ ಊರಿನ ನೀರಿನ ದಾರಿಯನ್ನು ಒಂದೊಂದಾಗಿ ಅಳೆದರು. ಮೆಟ್ಟಿಲು ಪಟ್ಟಿಗಳಲ್ಲಿ ಗುಂಡಿ ತೋಡಿ ನೋಡಿದರು. ಮೇಲೆ ಬೆಳೆ ತೆಗೆಯುವ ಕಪ್ಪು ಮಣ್ಣು. ಅದರ ಕೆಳಗೆ ಮರಳು ಬೆರೆತ ಮಣ್ಣು. ಅದರ ಕೆಳಗೆ ಸಣ್ಣ ಜಲ್ಲಿ. ತಳದಲ್ಲಿ ದಪ್ಪ ದಪ್ಪ ಕಲ್ಲು. ಮಳೆ ಎಷ್ಟೇ ಬರಲಿ, ನೀರು ಮೇಲೆ ನಿಲ್ಲದೆ ಮೆಲ್ಲಗೆ ಬಸಿದು ತಳಕ್ಕೆ ಹೋಗಿ, ಗೋಡೆಯ ಬುಡದಲ್ಲಿ ಹೊರಗೆ ಬರುತ್ತದೆ. ಗೋಡೆಗಳನ್ನು ನೆಟ್ಟಗೆ ಎಬ್ಬಿಸಿಲ್ಲ, ಸ್ವಲ್ಪ ಹಿಂದಕ್ಕೆ, ಬೆಟ್ಟದ ಕಡೆಗೆ ಒರಗಿಸಿದ್ದಾರೆ. ಊರಿನೊಳಗಿನ ಗೋಡೆಗಳಲ್ಲಿ ಇಂಥ ಬಸಿ ತೂತುಗಳು ಸುಮಾರು 130 ಇವೆ. ನಾನು ಫೋಟೊ ತೆಗೆದದ್ದು ಇಂಥದೇ ಒಂದರದ್ದು.

ರೈಟ್ ಅವರ ಲೆಕ್ಕದ ಪ್ರಕಾರ ಮಾಚು ಪಿಚ್ಚು ಕಟ್ಟಿದ ಕೆಲಸದಲ್ಲಿ ಸುಮಾರು ಶೇ 60ರಷ್ಟು ಇರುವುದು ನೆಲದಡಿಯಲ್ಲಿ. ಪಾಯ, ತುಂಬಿದ ಕಲ್ಲು, ಬಸಿಗಾಲುವೆ. ಊರಿನ ನಡುವೆ ದೊಡ್ಡ ಹುಲ್ಲಿನ ಬಯಲು ಇದೆ, ಲಾಮಾಗಳು ಮೇಯುತ್ತಿರುತ್ತವೆ. ಅದರ ಅಡಿಯಲ್ಲಿ ತುಂಬಿರುವುದು ಕಲ್ಲಿನ ಚಕ್ಕೆಗಳ ದಪ್ಪ ಪದರ. ಗೋಡೆಗೆ ಕಲ್ಲು ಕೆತ್ತುವಾಗ ಹಾರಿದ ಚಕ್ಕೆ ಅದು. ಕೆತ್ತನೆ ಕೆಲಸದ ಕಸವನ್ನು ಹೊರಗೆ ಎಸೆಯದೆ ಬಯಲಿನ ಅಡಿಗೆ ಹಾಸಿ ನೀರು ಇಂಗುವ ಹಾಗೆ ಮಾಡಿದ್ದಾರೆ. ನಾನು ಅಲ್ಲಿ ಇದ್ದಾಗ ಒಂದೂವರೆ ಗಂಟೆ ಬಿಡದೆ ಸುರಿಯಿತು. ರೇನ್‌ಕೋಟಿನ ಒಳಗೆಲ್ಲ ನೀರು. ಮಳೆ ನಿಂತು ಹತ್ತು ನಿಮಿಷಕ್ಕೆ ಆ ಬಯಲನ್ನು ನೋಡಿದೆ, ಎಲ್ಲೂ ನೀರು ನಿಂತಿರಲಿಲ್ಲ. ಕೆಳಗಿನ ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ಮಧ್ಯಾಹ್ನದವರೆಗೂ ಹೊಂಡದಲ್ಲೇ ಕಾಲಿಟ್ಟು ಓಡಾಡಿದೆವು.

ಹೊರಗೆ ಹೋಗುವ ನೀರಿನ ಕತೆ ಇದು. ಒಳಗೆ ಬರುವ ನೀರಿನ ಕತೆ ಇನ್ನೂ ಚಂದ.

ಮಾಚು ಪಿಚ್ಚು ಬೆಟ್ಟದ ಉತ್ತರದ ಇಳಿಜಾರಿನಲ್ಲಿ ಒಂದು ಒರತೆ ಇದೆ. ಅದು ಇದ್ದದ್ದಕ್ಕೇ ಊರು ಅಲ್ಲಿ ಬಂತು ಅನ್ನಬಹುದು. ದೊಡ್ಡ ಒರತೆ ಏನಲ್ಲ, ಒಣ ತಿಂಗಳಲ್ಲಿ ನಿಮಿಷಕ್ಕೆ ಇಪ್ಪತ್ತು ಚಿಲ್ಲರೆ ಲೀಟರ್, ಮಳೆಗಾಲದಲ್ಲಿ ನೂರರ ಮೇಲೆ. ಇಂಕಾದವರು ಬಂಡೆಗೆ ತಾಗಿ ಸುಮಾರು 15 ಮೀಟರ್ ಉದ್ದದ ಕಲ್ಲಿನ ಗೋಡೆ ಕಟ್ಟಿ, ಸಂದಿಗಳಿಂದ ಜಿನುಗುವ ನೀರನ್ನೆಲ್ಲ ಒಂದು ಕಡೆ ಕೂಡಿಸಿದರು. ಅಲ್ಲಿಂದ ಊರಿಗೆ 749 ಮೀಟರ್ ಉದ್ದದ ಕಾಲುವೆ. ಕಾಲುವೆ ಅಂದರೆ ದೊಡ್ಡದು ಅಂದುಕೊಳ್ಳಬೇಡಿ, ಒಂದು ಗೇಣಿನಷ್ಟೂ ಅಗಲ ಇಲ್ಲ. ಇಳಿತ ಸುಮಾರು ನೂರಕ್ಕೆ ಮೂರು. ತೋಟಕ್ಕೆ ಅಬ್ಬಿ ನೀರು ತಂದವರಿಗೆ ಇದರ ಕಷ್ಟ ಗೊತ್ತಿರುತ್ತದೆ. ಇಳಿತ ಜಾಸ್ತಿ ಆದರೆ ನೀರು ಕಾಲುವೆ ಬಿಟ್ಟು ಹಾರುತ್ತದೆ, ಕಮ್ಮಿ ಆದರೆ ಹೂಳು ಕೂರುತ್ತದೆ. ಬೆಟ್ಟದ ಬದಿಯಲ್ಲಿ, ಕಾಗದ ಪೆನ್ನು ಇಲ್ಲದೆ, ಮುಕ್ಕಾಲು ಕಿಲೋಮೀಟರ್ ಉದ್ದಕ್ಕೂ ಅದನ್ನು ಹಿಡಿದಿಟ್ಟಿದ್ದಾರೆ.

ಊರೊಳಗೆ ಬಂದ ನೀರು 16 ಕಾರಂಜಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತದೆ. ಕಾರಂಜಿ ಅಂದರೆ ಮೇಲಕ್ಕೆ ಚಿಮ್ಮುವುದಲ್ಲ. ಎದೆ ಎತ್ತರದ ಕಲ್ಲಿನ ಅಂಕಣ, ಮೇಲಿಂದ ಬೀಳುವ ನೀರಿನ ಒಂದು ಎಳೆ, ಕೆಳಗೆ ಕಲ್ಲಿನ ಬಾನಿ, ಬಾನಿಯ ಮೂಲೆಯಲ್ಲಿ ಮುಂದಿನದಕ್ಕೆ ಹೋಗುವ ತೂತು. ಮೇಲಿನ ಕಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಕೊರೆದಿದ್ದಾರೆ. ಅದರಿಂದ ನೀರು ಗೋಡೆಗೆ ಅಂಟಿಕೊಂಡು ಇಳಿಯದೆ ಎಳೆಯಾಗಿ ಮುಂದಕ್ಕೆ ಬೀಳುತ್ತದೆ. ಕೊಡ ಹಿಡಿದರೆ ನೇರ ಬಾಯಿಗೇ ಬೀಳಬೇಕು, ಆ ಅಂದಾಜಿಗೆ. ಮೊದಲನೇ ಕಾರಂಜಿ ಅರಸನ ಮನೆ ಅಂತ ಗುರುತಿಸಿರುವ ಕಟ್ಟಡದ ಪಕ್ಕದಲ್ಲೇ ಇದೆ. ಶುದ್ಧ ನೀರು ಮೊದಲು ಅರಸನಿಗೆ, ಆಮೇಲೆ ಉಳಿದವರಿಗೆ. ಹದಿನಾರನೆಯದಕ್ಕೆ ಬರುವಷ್ಟರಲ್ಲಿ ಆ ನೀರನ್ನು ಎಷ್ಟು ಜನ ಮುಟ್ಟಿರುತ್ತಿದ್ದರೋ. ನಾನು ಒಂದು ಕಾರಂಜಿಯ ಹತ್ತಿರ ತುಂಬಾ ಹೊತ್ತು ನಿಂತಿದ್ದೆ. ನೀರು ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಅರಸ ಅಂದೆ. ಅವನ ಹೆಸರು ಪಚಕುಟಿ. ಇಂಕಾದವರ ಕೆಚುವಾ ಭಾಷೆಯಲ್ಲಿ ಲೋಕವನ್ನು ಬುಡಮೇಲು ಮಾಡುವವನು ಅಂತ ಅರ್ಥ. ಚಾಂಕಾ ಅನ್ನುವ ಜನ ಕುಸ್ಕೊ ಮೇಲೆ ಬಿದ್ದಾಗ ಅವರನ್ನು ಸೋಲಿಸಿ ಪಟ್ಟಕ್ಕೆ ಬಂದವನು ಅಂತ ಇಂಕಾದವರ ಕತೆ. ಕುಸ್ಕೊ ಸುತ್ತಲಿನ ಸಣ್ಣ ರಾಜ್ಯವನ್ನು "ನಾಲ್ಕು ದಿಕ್ಕಿನ ನಾಡು" ಅನ್ನುವಷ್ಟು ದೊಡ್ಡ ಸಾಮ್ರಾಜ್ಯ ಮಾಡಲು ಶುರು ಮಾಡಿದವನು ಅವನೇ. ಹಳೆಯ ಲೆಕ್ಕದಲ್ಲಿ ಅವನು ಪಟ್ಟಕ್ಕೆ ಬಂದದ್ದು 1438ರಲ್ಲಿ, ಮಾಚು ಪಿಚ್ಚು ಕಟ್ಟಿಸಿದ್ದು 1450ರ ಹೊತ್ತಿಗೆ. ಆದರೆ 2021ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಬರ್ಗರ್ ಮತ್ತು ಅವರ ಜೊತೆಗಾರರು ಅಲ್ಲಿ ಸಿಕ್ಕ ಮೂಳೆಗಳ ಕಾಲ ಅಳೆದಾಗ 1420ರ ಸುಮಾರಿಗೇ ಅಲ್ಲಿ ಜನ ಇದ್ದರು ಅಂತ ಗೊತ್ತಾಯಿತು. ನಮ್ಮ ಹಂಪಿಯಲ್ಲಿ ಹೆಚ್ಚೂಕಡಿಮೆ ಎರಡನೇ ದೇವರಾಯ ಆಳುತ್ತಿದ್ದ ಕಾಲ ಅದು. ಎರಡು ಕಡೆಯೂ ಗ್ರಾನೈಟ್ ಕೆಲಸ ಜೋರಾಗಿ ನಡೆಯುತ್ತಿತ್ತು, ಒಬ್ಬರಿಗೆ ಇನ್ನೊಬ್ಬರು ಇದ್ದಾರೆ ಅನ್ನುವುದೇ ಗೊತ್ತಿರಲಿಲ್ಲ.

ಇದು ಕೋಟೆ ಅಂತ, ಮಠ ಅಂತ, ಏನೇನೋ ಹೇಳುತ್ತಿದ್ದರು. ಜಾನ್ ರೋ ಅನ್ನುವ ವಿದ್ವಾಂಸರು 1568ರ ಒಂದು ಸ್ಪಾನಿಷ್ ದಾಖಲೆ ಹುಡುಕಿ ತೆಗೆದ ಮೇಲೆ ಮಾತು ಸ್ಪಷ್ಟ ಆಯಿತು. ಪಿಚ್ಚು ಅನ್ನುವ ಜಾಗದ ಸುತ್ತಲಿನ ಜಮೀನು ಪಚಕುಟಿಯದು ಅಂತ ಅದರಲ್ಲಿದೆ. ಅಂದರೆ ಇದು ಅರಸನ ಸ್ವಂತ ಎಸ್ಟೇಟು. ಕುಸ್ಕೊದಲ್ಲಿ ಚಳಿ ಜಾಸ್ತಿ ಆಗುವ ತಿಂಗಳಲ್ಲಿ ಪರಿವಾರದ ಜೊತೆ ಬಂದು ಇರುವ ಜಾಗ. ಇಂಕಾದವರಲ್ಲಿ ಒಂದು ಪದ್ಧತಿ ಇತ್ತು. ಅರಸ ಸತ್ತರೂ ಅವನ ಆಸ್ತಿ ಮುಂದಿನ ಅರಸನಿಗೆ ಹೋಗುವುದಿಲ್ಲ. ಸತ್ತವನ ದೇಹವನ್ನು ಕೆಡದ ಹಾಗೆ ಇಟ್ಟು, ಅದಕ್ಕೆ ಊಟ ಬಟ್ಟೆ ಎಲ್ಲ ಕೊಟ್ಟು, ಅವನ ವಂಶದವರು ಅವನ ಜಮೀನನ್ನು ನೋಡಿಕೊಳ್ಳುತ್ತಾರೆ. ಹೊಸ ಅರಸ ತನ್ನದನ್ನು ತಾನೇ ಸಂಪಾದಿಸಬೇಕು.

ಇನ್ನು ಕಲ್ಲಿನ ಮಾತು. ಇದಕ್ಕೆ ಬೇರೆ ಗ್ರಹದವರು ಬಂದು ಕಟ್ಟಿದರು ಅನ್ನುವ ವಿಡಿಯೊಗಳನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಯಾರೋ ಒಬ್ಬ ಮನುಷ್ಯ ಅಂಗೈ ಗುಳ್ಳೆ ಎದ್ದು ಒಡೆಯುವ ತನಕ ಕುಟ್ಟಿದ್ದಾನೆ. ಅವನ ಕೆಲಸವನ್ನು ಅವನ ಕೈಯಿಂದ ಕಿತ್ತುಕೊಂಡ ಹಾಗೆ ಅದು.

ಕಲ್ಲು ಹೊರಗಿನಿಂದ ತಂದದ್ದಲ್ಲ, ಗಣಿ ಊರೊಳಗೇ ಇದೆ. ಬಂಡೆ ಮೊದಲೇ ಬಿರುಕು ಬಿಟ್ಟಿತ್ತಲ್ಲ, ಒಡೆದು ತೆಗೆಯುವುದು ಸುಲಭ ಆಯಿತು. ಬೇರೆಯವರು ಕೆಟ್ಟ ಜಾಗ ಅಂತ ಬಿಡುವುದನ್ನೇ ಇವರು ಅನುಕೂಲ ಮಾಡಿಕೊಂಡರು. ಕಬ್ಬಿಣ ಅವರಿಗೆ ಗೊತ್ತಿರಲಿಲ್ಲ. ಭಾರ ಎಳೆಯುವ ಗಾಡಿ ಇರಲಿಲ್ಲ, ಎತ್ತು ಕುದುರೆ ಇರಲಿಲ್ಲ, ಇದ್ದದ್ದು ಲಾಮಾ, ಅದು ಹೊರುವುದು ಮೂವತ್ತು ಕಿಲೋ ಒಳಗೆ. ಬರವಣಿಗೆ ಬದಲು ಹಗ್ಗದಲ್ಲಿ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಕಲ್ಲು ಕೆತ್ತಿದ್ದು ಕಲ್ಲಿನಿಂದಲೇ. ನದಿಯಲ್ಲಿ ಸಿಗುವ ಗಟ್ಟಿ ಗುಂಡುಕಲ್ಲು ಹಿಡಿದು ಕುಟ್ಟಿ ಕುಟ್ಟಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಪ್ರಾಧ್ಯಾಪಕ ಜಾನ್ ಪಿಯರ್ ಪ್ರೋಟ್ಜೆನ್ 1980ರ ದಶಕದಲ್ಲಿ ಇಂಕಾ ಗಣಿಯೊಂದರಲ್ಲಿ ಸ್ವತಃ ಕೂತು ಇದನ್ನು ಮಾಡಿ ನೋಡಿದರು. ಒಂದು ಕಲ್ಲಿನ ಮೂರು ಮುಖ ಸಮ ಮಾಡಲು ಒಂದೂವರೆ ಗಂಟೆ ಸಾಕಾಯಿತು. ಗುಂಡುಕಲ್ಲನ್ನು ಜೋರಾಗಿ ಬೀಸಬೇಕಿಲ್ಲ, ಅದರ ಭಾರಕ್ಕೇ ಬಿಟ್ಟು, ಬೀಳುವಾಗ ಮಣಿಕಟ್ಟು ಸ್ವಲ್ಪ ತಿರುಗಿಸಿದರೆ ಚಕ್ಕೆ ತಾನಾಗಿ ಏಳುತ್ತದೆ. ಇಂಕಾ ಗೋಡೆಗಳನ್ನು ಹತ್ತಿರದಿಂದ ನೋಡಿದರೆ ಆ ಕುಟ್ಟಿದ ಗುರುತು, ಸಿಡುಬಿನ ಕಲೆಯ ತರಹ, ಇನ್ನೂ ಕಾಣುತ್ತದೆ. ಅಂಚಿನ ಹತ್ತಿರ ಬಂದಂತೆ ಕಲೆ ಚಿಕ್ಕದಾಗುತ್ತದೆ. ಅಂಚಿಗೆ ಸಣ್ಣ ಕಲ್ಲು, ನಡುವಿಗೆ ದೊಡ್ಡ ಕಲ್ಲು ಬಳಸಿದ್ದಾರೆ.

ಗಣಿಯಲ್ಲಿ ಒಂದು ಬಂಡೆಯ ಮೇಲೆ ಸಾಲಾಗಿ ಗೂಟದ ತೂತುಗಳಿವೆ. ಹಂಪಿಯಲ್ಲಿ ತಿರುಗಾಡಿದವರಿಗೆ ಇಂಥ ಬಂಡೆ ಹೊಸದಲ್ಲ, ಹೆಜ್ಜೆಹೆಜ್ಜೆಗೂ ಸಿಗುತ್ತವೆ. ನಾನು ಖುಷಿಯಾಗಿ ಗೈಡ್ ಅಮ್ಮನಿಗೆ ತೋರಿಸಿದೆ, ನಮ್ಮಲ್ಲೂ ಹೀಗೇ ಒಡೆಯುತ್ತಿದ್ದರು ಅಂತ. ಅವರು ತಲೆ ಅಲ್ಲಾಡಿಸಿದರು. ಅದು ಇಂಕಾದವರದ್ದಲ್ಲ, 20ನೇ ಶತಮಾನದಲ್ಲಿ ಒಬ್ಬ ಪುರಾತತ್ವಜ್ಞ ಪ್ರಯೋಗಕ್ಕೆ ಅಂತ ಕೊರೆದದ್ದು ಅಂದರು. ತಿಳಿದುಕೊಂಡದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ತಪ್ಪನ್ನೇ ಬರೆದುಬಿಡುತ್ತಿದ್ದೆ.

ಎಲ್ಲ ಗೋಡೆಯೂ ಒಂದೇ ತರಹ ಇಲ್ಲ. ಉಗ್ರಾಣ, ಕೆಲಸದವರ ಮನೆಗಳಿಗೆ ಒರಟು ಕಲ್ಲು, ನಡುವೆ ಮಣ್ಣಿನ ಗಾರೆ. ದೇವಸ್ಥಾನ, ಅರಸನ ಮನೆಗೆ ಮಾತ್ರ ಗಾರೆಯೇ ಇಲ್ಲದ, ಒಂದಕ್ಕೊಂದು ಕಚ್ಚಿಕೊಂಡ ಕಲ್ಲು. ಬಾಗಿಲು, ಕಿಟಕಿ, ಗೂಡು ಎಲ್ಲ ಕೆಳಗೆ ಅಗಲ, ಮೇಲೆ ಕಿರಿದು. ಗೋಡೆಯೂ ಮೇಲೆ ಹೋದಂತೆ ಒಳಕ್ಕೆ ವಾಲುತ್ತದೆ. ಭೂಮಿ ನಡುಗಿದಾಗ ಕಲ್ಲುಗಳು ಕುಲುಕಾಡಿ ಮತ್ತೆ ತಮ್ಮ ಜಾಗಕ್ಕೇ ಕೂರುತ್ತವೆ. ಇದು ಸುಮ್ನೆ ಹೇಳುವ ಮಾತಲ್ಲ. 1950ರ ಮೇ 21ರಂದು ಕುಸ್ಕೊದಲ್ಲಿ ಭೂಕಂಪ ಆದಾಗ ಇಂಕಾ ಸೂರ್ಯ ದೇವಾಲಯದ ಮೇಲೆ ಸ್ಪೇನಿನವರು ಕಟ್ಟಿದ್ದ ಸಾಂಟೊ ಡೊಮಿಂಗೊ ಮಠದ ಬಹುಭಾಗ ಕುಸಿಯಿತು. ಅದರೊಳಗೆ ಮುಚ್ಚಿಹೋಗಿದ್ದ ಇಂಕಾ ಗೋಡೆಗಳು ಹಾಗೇ ನಿಂತಿದ್ದವು, ಬೆಳಕಿಗೂ ಬಂದವು.

ಮಾಚು ಪಿಚ್ಚುವಿನಲ್ಲಿ ನನಗೆ ಬಹಳ ಇಷ್ಟ ಆದ ಕಟ್ಟಡ ಸೂರ್ಯನ ಗುಡಿ. ಒಂದು ದೊಡ್ಡ ಬಂಡೆ, ಅದರ ಮೇಲೆ ಅರ್ಧ ಚಂದ್ರದ ಹಾಗೆ ಬಾಗಿದ ಗೋಡೆ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ಹುಡುಕಬೇಕು. ಜೂನ್ ತಿಂಗಳಲ್ಲಿ, ಅಲ್ಲಿ ಅತಿ ಚಿಕ್ಕ ಹಗಲಿನ ದಿನ, ಹುಟ್ಟುವ ಸೂರ್ಯನ ಬಿಸಿಲು ಒಂದು ಕಿಟಕಿಯಿಂದ ನೇರ ಒಳಗೆ ಬಂದು ಬಂಡೆಯ ಕೆತ್ತಿದ ಅಂಚಿನ ಗುಂಟ ಬೀಳುತ್ತದೆ. ಇನ್ನೂ ಮೇಲೆ, ಊರಿನ ಎತ್ತರದ ಜಾಗದಲ್ಲಿ ಇಂಟಿವಟಾನ ಅನ್ನುವ ಕಲ್ಲು. ಬೆಟ್ಟದ ಬಂಡೆಯನ್ನೇ ಕಡಿದು, ನಡುವೆ ಒಂದು ಮೋಟು ಕಂಬ ಉಳಿಯುವ ಹಾಗೆ ಮಾಡಿದ್ದು. ಸೂರ್ಯನನ್ನು ಕಟ್ಟುವ ಗೂಟ ಅಂತ ಆ ಹೆಸರಿಗೆ ಅರ್ಥ. ಸ್ಪೇನಿನವರು ಈ ಊರಿಗೆ ಬರಲೇ ಇಲ್ಲವಾದ್ದರಿಂದ ಅದು ಒಡೆಯದೆ ಉಳಿಯಿತು. 2000ರ ಸೆಪ್ಟೆಂಬರಿನಲ್ಲಿ ಬಿಯರ್ ಜಾಹೀರಾತಿನ ಚಿತ್ರೀಕರಣ ಮಾಡುವಾಗ ಕ್ರೇನ್ ಬಿದ್ದು ಅದರ ಮೂಲೆ ಮುಕ್ಕಾಯಿತು. ಓದಿದಾಗ ಹೊಟ್ಟೆ ಉರಿಯಿತು.

ತಪ್ಪೇ ಆಗದ ಊರು ಅಂತಲ್ಲ. ಮುಖ್ಯ ದೇವಾಲಯ ಅಂತ ಕರೆಯುವ ಕಟ್ಟಡದ ಹಿಂಗೋಡೆಯ ಒಂದು ಮೂಲೆ ಕುಸಿದು ಕಲ್ಲುಗಳ ನಡುವೆ ಬಾಯಿ ಬಿಟ್ಟಿದೆ. ಗೋಡೆಯ ಕೆಲಸ ಕೆಟ್ಟದ್ದಲ್ಲ, ಅಡಿಯ ನೆಲ ಇಳಿದದ್ದು. ಅದನ್ನು ನೋಡುವಾಗ ನಮ್ಮ ಮನೆ ಹಿಂದಿನ ಗೋಡೆ ಮತ್ತೆ ನೆನಪಾಯಿತು.

ಇಷ್ಟನ್ನೆಲ್ಲ ಕಟ್ಟಿ, ಗುಡಿಸಿ, ಅಡುಗೆ ಮಾಡಿ ಇದ್ದವರು ಯಾರು? 1912ರಲ್ಲಿ ಅಗೆದಾಗ ಸುಮಾರು 170 ಜನರ ಮೂಳೆಗಳು ಸಿಕ್ಕಿದವು. ಆಗ ಪರೀಕ್ಷೆ ಮಾಡಿದ ಜಾರ್ಜ್ ಈಟನ್ ಇವರಲ್ಲಿ ಹೆಚ್ಚಿನವರು ಹೆಂಗಸರು ಅಂದರು. ಅಷ್ಟು ಸಾಕಾಯಿತು, ಇದು ಸೂರ್ಯನಿಗೆ ಮೀಸಲಾದ ಕನ್ಯೆಯರ ಊರು ಅಂತ ಕತೆ ಹಬ್ಬಿತು. ಎಷ್ಟೋ ವರ್ಷ ಆದ ಮೇಲೆ ಜಾನ್ ವೆರಾನೊ ಅದೇ ಮೂಳೆಗಳನ್ನು ಮತ್ತೆ ನೋಡಿದರು. ಗಂಡಸರು, ಹೆಂಗಸರು ಹೆಚ್ಚೂಕಡಿಮೆ ಸಮ, ಮಕ್ಕಳೂ ಇದ್ದರು. ಆಂಡೀಸಿನ ಜನ ಗಿಡ್ಡ, ಸಣ್ಣ ಮೂಳೆಯವರು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆದ ತಪ್ಪು ಅದು. 2023ರಲ್ಲಿ 34 ಜನರ ಡಿಎನ್‌ಎ ನೋಡಿದಾಗ ಅವರು ಒಂದೇ ಊರಿನವರಲ್ಲ, ಸಾಮ್ರಾಜ್ಯದ ಮೂಲೆಮೂಲೆಯಿಂದ, ಕಡಲತೀರದಿಂದ, ಅಮೆಜಾನ್ ಕಡೆಯಿಂದಲೂ ಬಂದವರು ಅಂತ ತಿಳಿಯಿತು. ಯಾನಕೋನ ಅಂತ ಕರೆಯುತ್ತಿದ್ದ, ಅರಸನ ಮನೆತನಕ್ಕೆ ಬದುಕಿಡೀ ಸೇವೆ ಮಾಡುವ ಆಳುಗಳು. ತಮ್ಮ ಊರು ಬಿಟ್ಟು ಬಂದು, ಇಲ್ಲೇ ಮನೆ ಮಾಡಿಕೊಂಡು, ಇಲ್ಲೇ ಮಣ್ಣಾದವರು. ಕಾರಂಜಿಯ ಹದಿನಾರನೇ ಬಾನಿಯ ಹತ್ತಿರ ನಿಂತಾಗ ನಾನು ಯೋಚಿಸಿದ್ದು ಇವರ ಬಗ್ಗೆ.

1530ರ ದಶಕದ ಹೊತ್ತಿಗೆ ಊರು ಖಾಲಿಯಾಯಿತು. ಹೊರಗಿನಿಂದ ಬಂದ ರೋಗ, ಪಟ್ಟಕ್ಕಾಗಿ ಅಣ್ಣತಮ್ಮಂದಿರ ಯುದ್ಧ, ಆಮೇಲೆ 1532ರಲ್ಲಿ ದಂಡೆತ್ತಿ ಬಂದ ಸ್ಪೇನಿನ ಪಿಸಾರೊ. ಅರಸನೇ ಇಲ್ಲದ ಮೇಲೆ ಅರಸನ ಎಸ್ಟೇಟಿಗೆ ಕೆಲಸ ಏನು. ಕಾಡು ಬೆಳೆಯಿತು.

"ಕಳೆದುಹೋದ ನಗರ" ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಸುತ್ತಲಿನ ರೈತರಿಗೆ ಅದು ಯಾವತ್ತೂ ಕಳೆದಿರಲಿಲ್ಲ. 1902ರ ಜುಲೈ 14ರಂದು ಅಗುಸ್ಟಿನ್ ಲಿಸಾರಗಾ ಅನ್ನುವ ಅಲ್ಲಿಯ ರೈತ ಮೇಲೆ ಹತ್ತಿ, ಮೂರು ಕಿಟಕಿಗಳ ಗುಡಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ತನ್ನ ಹೆಸರು ಬರೆದಿದ್ದ. ಈ ಊರನ್ನು ಕಂಡುಹಿಡಿದವನು ಅಂತ ಹೆಸರಾದ ಅಮೆರಿಕದ ಹೈರಮ್ ಬಿಂಗಮ್ ಅಲ್ಲಿಗೆ ಹೋದದ್ದು 1911ರ ಜುಲೈ 24ಕ್ಕೆ. ಅದೂ ಮೆಲ್ಚೋರ್ ಆರ್ಟಿಯಾಗ ಅನ್ನುವ ಇನ್ನೊಬ್ಬ ರೈತನಿಗೆ ಒಂದು ಸೋಲ್ ಕೂಲಿ ಕೊಟ್ಟು, ದಾರಿ ತೋರಿಸಿಕೊಂಡು. ಮೇಲೆ ಹೋದರೆ ಅಲ್ಲಿ ರೈತ ಕುಟುಂಬಗಳು ಬೀಡುಬಿಟ್ಟಿದ್ದವು. ಬಿಂಗಮ್‌ಗೆ ಊರು ತೋರಿಸಿದ್ದು ಆ ಮನೆಗಳ ಒಬ್ಬ ಚಿಕ್ಕ ಹುಡುಗ. ಲಿಸಾರಗಾ ಮೊದಲು ಕಂಡವನು ಅಂತ ಬಿಂಗಮ್ ತನ್ನ ಆಗಿನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದ. ಮುಂದೆ ಹೆಸರು ಮಾಡಿದ್ದು ಬಿಂಗಮ್ ಒಬ್ಬನೇ. ಗೋಡೆಯ ಮೇಲಿನ ಇದ್ದಿಲಿನ ಹೆಸರನ್ನು ಅಳಿಸಿದರು. ಲಿಸಾರಗಾ 1912ರಲ್ಲಿ ಕೆಳಗಿನ ನದಿಯಲ್ಲಿ ಮುಳುಗಿ ತೀರಿಕೊಂಡ. ಬಿಂಗಮ್ ತಂಡ ಯೇಲ್‌ಗೆ ಸಾಗಿಸಿದ ವಸ್ತುಗಳು ಪೆರುವಿಗೆ ಮರಳಿ ಬರಲು ನೂರು ವರ್ಷ ಹಿಡಿಯಿತು. 2010ರಲ್ಲಿ ಒಪ್ಪಂದ ಆಗಿ, 2011 ಮತ್ತು 2012ರಲ್ಲಿ ಬಂದವು. ಈಗ ಕುಸ್ಕೊದ ಕಾಸಾ ಕೊಂಚಾ ಮ್ಯೂಸಿಯಮ್ಮಿನಲ್ಲಿ ನೋಡಬಹುದು. ಅಂದಹಾಗೆ ಹೆಸರು ಕೂಡ ಪಕ್ಕಾ ಅಲ್ಲ. ಹಳೆಯ ನಕ್ಷೆ, ದಾಖಲೆ ನೋಡಿದವರು ಊರಿನ ನಿಜವಾದ ಹೆಸರು ಹುವಾಯ್ನಾ ಪಿಚ್ಚು ಇದ್ದಿರಬೇಕು ಅನ್ನುತ್ತಾರೆ.

ಆದರೆ ಬಿಂಗಮ್ ಹೋದ ದಿನದ ವಿವರದಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಆ ರೈತ ಕುಟುಂಬಗಳು ಅಲ್ಲಿ ಏನು ಮಾಡುತ್ತಿದ್ದವು? ಇಂಕಾದವರ ಮೆಟ್ಟಿಲು ಪಟ್ಟಿಗಳ ಮೇಲೆ ಮೆಕ್ಕೆಜೋಳ, ಆಲೂಗಡ್ಡೆ, ಗೆಣಸು, ಕಬ್ಬು ಬೆಳೆದುಕೊಂಡಿದ್ದವು. ಕಾಡು ಸವರಿದರೆ ಸಾಕು, ಗದ್ದೆ ಸಿದ್ಧ ಇತ್ತು. ಸುಮಾರು ನಾನೂರು ವರ್ಷದ ಮಳೆ ಹೊಡೆದ ಮೇಲೂ ಮಣ್ಣು ಕೊಚ್ಚಿ ಹೋಗಿರಲಿಲ್ಲ. ನಾವು ದಿನಾ ಪಲ್ಯ ಮಾಡುವ ಆಲೂಗಡ್ಡೆ ಮೊದಲು ಹುಟ್ಟಿದ್ದೇ ಆ ಆಂಡೀಸ್ ಸೀಮೆಯಲ್ಲಿ, ಆ ಜನರ ಕೈಯಲ್ಲಿ. ಕುಸ್ಕೊ ಮಾರ್ಕೆಟ್ಟಿನಲ್ಲಿ ನೇರಳೆ, ಕೆಂಪು, ಕಪ್ಪು ಆಲೂಗಡ್ಡೆಗಳ ರಾಶಿ ನೋಡಿ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ್ದೆ.

ಅಪ್ಪಯ್ಯನಿಗೆ ನಾನು ಹೇಳಿದ್ದು ತಳದ ದಪ್ಪ ಕಲ್ಲು, ಜಲ್ಲಿ, ಮರಳು, ಮಣ್ಣು, ಅಷ್ಟು. ಸುಮ್ಮನೆ ಕೇಳಿಸಿಕೊಂಡರು. ನಮ್ಮ ಗೋಡೆಯನ್ನು ಆಮೇಲೆ ಕಲ್ಲಿನಲ್ಲೇ ಕಟ್ಟಿಸಿದ್ದರು, ಸೈಜುಗಲ್ಲು, ಹಿಂದೆ ಒಂದೂವರೆ ಅಡಿ ಜಲ್ಲಿ, ಎರಡು ಅಡಿಗೊಂದು ಪೈಪು. ಐದಾರು ಮಳೆಗಾಲ ಕಂಡಿದೆ.

ಕೊನೆಗೆ ಇನ್ನೊಂದು ವಿಷಯ ಹೇಳಿದೆ. ರೈಟ್ ಮತ್ತು ವಲೆನ್ಸಿಯಾ ಅವರ ತಂಡ 1990ರ ದಶಕದ ಕೊನೆಯಲ್ಲಿ ಊರಿನ ಪೂರ್ವದ ಇಳಿಜಾರಿನಲ್ಲಿ, ನದಿಯ ಕಡೆಗೆ, ಕಾಡು ಸವರಿಕೊಂಡು ಹೋಗುತ್ತಿತ್ತು. ಅಲ್ಲಿ ಮಣ್ಣಿನಡಿ ಹುಗಿದುಹೋಗಿದ್ದ ಕಾರಂಜಿಗಳು ಸಿಕ್ಕವು. ಯಾರೂ ಅವನ್ನು ಶತಮಾನಗಳಿಂದ ನೋಡಿರಲಿಲ್ಲ. ಮಣ್ಣು, ಬೇರು ತೆಗೆದು, ಕಾಲುವೆ ತೊಳೆದರು. ನೀರು ಹರಿಯಲು ಶುರುವಾಯಿತು. ಹೇಳುವಾಗ ನನಗೆ ಮೈ ಜುಮ್ಮೆಂದಿತ್ತು, ಅಪ್ಪಯ್ಯನಿಗೂ ಹಾಗೇ ಆಗುತ್ತದೆ ಅಂದುಕೊಂಡಿದ್ದೆ.

"ಹೂಳು ತೆಗೆದ್ರಲ್ಲ" ಅಂದರು, ಫೋನು ವಾಪಸ್ ಕೊಡುತ್ತಾ. "ಮತ್ತೆ ನೀರು ಬಾರದೆ ಎಲ್ಲಿಗೆ ಹೋಗ್ತದೆ?"